ರೈತರ ಕಡೆ ತಿರುಗಿದ ಪರದೆ

ಎಂಜಿನಿಯರಿಂಗ್ ಓದುವ ಮಗನೋ, ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಲ್ಲೇ ಕುಳಿತು ಮಾಡುವ ಮಗಳೋ ‘ಇನ್ನೊಂದು ಮಾನಿಟರ್ ಬೇಕಪ್ಪ’ ಎಂದು ಕೇಳುವುದು ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮನೆಗಳಿಗೂ ಈಗ ಹೊಸದಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಬೆಂಗಳೂರಿನ ಕಚೇರಿಗಳೆಲ್ಲ ಬಾಗಿಲು ಹಾಕಿದಾಗ ಊರಿಗೆ ಮರಳಿದ ಹುಡುಗರು ಲ್ಯಾಪ್‌ಟಾಪ್ ತಂದರು. ಕೆಲವರು ಕಚೇರಿಯ ಮಾನಿಟರನ್ನೂ ಹೊದಿಕೆಯಲ್ಲಿ ಸುತ್ತಿ ತಂದರು. ಅದನ್ನು ನೋಡಿದ ತಂದೆಗೆ, ‘ಒಂದು ಮುಖಕ್ಕೆ ಇರುವುದು ಎರಡೇ ಕಣ್ಣು. ಅದಕ್ಕೆ ಎರಡು ಟಿ.ವಿ. ಯಾಕಯ್ಯ?’ ಎನ್ನಿಸಿದ್ದರೆ ತಪ್ಪೇನಲ್ಲ.

ಆದರೆ ಹಾಗೆ ಕೇಳುವ ತಂದೆ ಎರಡನೇ ಪರದೆಯೊಂದರ ಮುಂದೆ ನಿಂತು ಬಂದವರೇ ಆಗಿರಬಹುದು. ಈ ಭಾಗದ ರೈತರಿಗೆ ಅದು ಪರಿಚಯವಾದದ್ದು ಸಾಫ್ಟ್‌ವೇರ್ ಕಂಪನಿಗಳಿಂದಲ್ಲ, ತಾಲ್ಲೂಕು ಕಚೇರಿಯಿಂದ. ಪಹಣಿ ತೆಗೆಸಲು ಹೋದಾಗ.

ಪಹಣಿ ಕೈಬರಹದಲ್ಲಿದ್ದ ಕಾಲವನ್ನು ಇಂದಿನ ವಿದ್ಯಾರ್ಥಿಗಳು ಕಂಡಿಲ್ಲ. ಜಮೀನು ಯಾರ ಹೆಸರಿನಲ್ಲಿದೆ, ಎಷ್ಟು ಎಕರೆ ಎಷ್ಟು ಗುಂಟೆ, ಅದರ ಮೇಲೆ ಸಾಲವಿದೆಯೇ, ಯಾವ ಬೆಳೆ ಇದೆ ಎಂಬುದನ್ನೆಲ್ಲ ಹೇಳುವ ಆ ದಾಖಲೆ ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿತ್ತು. ಹಳಬರ ಬಾಯಲ್ಲಿ ಅವರು ಶಾನುಭೋಗರೇ. ರಾಜ್ಯದಲ್ಲಿ ಇಂಥ ಲೆಕ್ಕಿಗರು ಸುಮಾರು 9 ಸಾವಿರ ಮಂದಿ. ಒಬ್ಬೊಬ್ಬರಿಗೆ ಹಲವು ಹಳ್ಳಿ. ಸೊಸೈಟಿ ಸಾಲಕ್ಕೆ, ಜಾಮೀನಿಗೆ, ನ್ಯಾಯಾಲಯಕ್ಕೆ ಪಹಣಿ ಬೇಕೆಂದರೆ ಮೊದಲು ಅವರನ್ನು ಹುಡುಕಬೇಕು. ಸಿಕ್ಕಿದರೆ ಪುಸ್ತಕ ತೆರೆಯಬೇಕು. ತೆರೆದರೂ ಆ ಪುಸ್ತಕ ಅವರ ಕಡೆಗೇ ತಿರುಗಿರುತ್ತಿತ್ತು. ರೈತನಿಗೆ ಕಾಣುತ್ತಿದ್ದುದು ರಟ್ಟು ಮಾತ್ರ! ಒಳಗೆ ಏನು ಬರೆದಿದೆ, ಏನು ಹೊಡೆದುಹಾಕಿದೆ ಎಂಬುದು ಬರೆದವರ ಮಾತಿನಿಂದಲೇ ತಿಳಿಯಬೇಕಿತ್ತು. ಪ್ರಾಮಾಣಿಕ ಲೆಕ್ಕಿಗರು ಬೇಕಾದಷ್ಟು ಮಂದಿ ಇದ್ದರು, ನಿಜ. ಆದರೆ ಎದುರಿಗಿರುವವರು ಪ್ರಾಮಾಣಿಕರೋ ಅಲ್ಲವೋ ಎಂದು ತಿಳಿಯುವ ದಾರಿ ರೈತನ ಬಳಿ ಇರಲಿಲ್ಲ.

‘ಭೂಮಿ’ ಯೋಜನೆ ಬಂದದ್ದು ಈ ಪುಸ್ತಕದ ಜಾಗಕ್ಕೆ. ಕಂದಾಯ ಇಲಾಖೆಗಾಗಿ ತಂತ್ರಾಂಶ ಸಿದ್ಧಪಡಿಸಿದ್ದು ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ. ಯೋಜನೆಯನ್ನು ಮುನ್ನಡೆಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಆಗ ಮುಖ್ಯಮಂತ್ರಿಯಾಗಿದ್ದವರು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, ರಾಜ್ಯದ 177 ತಾಲ್ಲೂಕು ಕಚೇರಿಗಳಲ್ಲಿ ಕೌಂಟರ್ ತೆರೆಯಲಾಯಿತು. ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳೂ ಅದರಲ್ಲಿ ಸೇರಿದವು. ಸರ್ವೆ ನಂಬರು ಹೇಳಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. 2002ರ ಹೊತ್ತಿಗೆ ಕೈಬರಹದ ಪಹಣಿಯ ಕಾಲ ಮುಗಿದಿತ್ತು.

ಇಷ್ಟನ್ನು ಪತ್ರಿಕೆಗಳು ಆಗಲೇ ಬರೆದಿವೆ. ಅಷ್ಟಾಗಿ ಯಾರೂ ಬರೆಯದ ಒಂದು ಸಣ್ಣ ಸಂಗತಿ ಆ ಕೌಂಟರಿನಲ್ಲಿತ್ತು. ಒಂದೇ ಕಂಪ್ಯೂಟರಿಗೆ ಎರಡು ಪರದೆ. ಒಂದು ಕೀಲಿಮಣೆ ಒತ್ತುವ ಸಿಬ್ಬಂದಿಯ ಕಡೆ. ಇನ್ನೊಂದು ಕಿಟಕಿಯ ಈಚೆ ನಿಂತ ರೈತನ ಕಡೆ. ಸಿಬ್ಬಂದಿ ಏನು ನೋಡುತ್ತಾರೋ ಅದನ್ನೇ ರೈತನೂ ನೋಡಬೇಕು ಎಂಬುದು ಉದ್ದೇಶ. ಅಕ್ಷರಗಳೂ ಕನ್ನಡದವೇ.

ಇದರಿಂದ ಏನಾಗುತ್ತದೆ ಎಂಬುದನ್ನು ಒಂದೆರಡು ಉದಾಹರಣೆಗಳಲ್ಲಿ ನೋಡಬೇಕು. ಈ ಸೀಮೆಯಲ್ಲಿ ನಿಂಗಮ್ಮ ಎಂಬ ಹೆಸರು ಕಚೇರಿಗೆ ಹೋದೊಡನೆ ಲಿಂಗಮ್ಮ ಆಗಿಬಿಡುವುದುಂಟು. ಮನೆಯಲ್ಲಿ ಎರಡೂ ಒಂದೇ. ಬ್ಯಾಂಕಿನಲ್ಲಿ ಹಾಗಲ್ಲ, ಪಹಣಿಯ ಲಿಂಗಮ್ಮನೂ ಆಧಾರ್‌ನ ನಿಂಗಮ್ಮನೂ ಒಬ್ಬರೇ ಎಂದು ಸಾಬೀತು ಮಾಡಲು ಅಫಿಡವಿಟ್ ಬೇಕು, ನೋಟರಿ ಬೇಕು, ನಾಲ್ಕು ದಿನದ ಕೂಲಿ ಹೋಗಬೇಕು. ವಿಸ್ತೀರ್ಣದ ವಿಷಯವೂ ಹಾಗೆಯೇ. ಒಂದು ಎಕರೆ ಇಪ್ಪತ್ತು ಗುಂಟೆಯನ್ನು 1-20 ಎಂದು ಬರೆಯುವುದು ರೂಢಿ. ಬೆರಳು ತಪ್ಪಿ 1-02 ಆದರೆ ಕಾಗದದ ಮೇಲೆ 18 ಗುಂಟೆ ಮಾಯ. 40 ಗುಂಟೆಗೆ ಒಂದು ಎಕರೆ ಎಂದರೆ, ಹೆಚ್ಚುಕಡಿಮೆ ಅರ್ಧ ಎಕರೆ ನೀರಾವರಿ ಜಮೀನು. ನಾಲೆ ಕೆಳಗಿನ ಗದ್ದೆಯಾದರೆ ಅದು ಒಂದು ಸಂಸಾರದ ಅನ್ನ.

ಇಂಥ ತಪ್ಪು ಕಣ್ಣಿಗೆ ಬೀಳಬೇಕಾದ್ದು ಅಚ್ಚಾಗುವ ಮೊದಲು. ಪರದೆ ತನ್ನ ಕಡೆಗಿದ್ದರೆ ರೈತ, ‘ಸಾರ್, ವಸಿ ತಡೀರಿ. ನಮ್ಮವ್ವನ ಹೆಸರು ನಿಂಗಮ್ಮ’ ಎಂದು ಅಲ್ಲೇ ಹೇಳಬಹುದು. ಓದು ಬಾರದವರು ಹೈಸ್ಕೂಲಿನ ಮಗಳನ್ನು ಜೊತೆಗೆ ಕರೆದೊಯ್ದರೆ ಅವಳು ಓದಿ ಹೇಳಬಹುದು. ಶಾಲೆಯಲ್ಲಿ ಕಲಿತ ಕನ್ನಡ ಓದು ಮನೆತನದ ಕೆಲಸಕ್ಕೆ ನೇರವಾಗಿ ಒದಗುವ ಸಂದರ್ಭಗಳಲ್ಲಿ ಇದಕ್ಕಿಂತ ಒಳ್ಳೆಯದು ಬೇರೆ ಸಿಗಲಾರದು. ಪಹಣಿಯ 9ನೇ ಕಾಲಂನಲ್ಲಿ ಹಕ್ಕುದಾರರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು ಇರುತ್ತವೆ ಎಂಬಷ್ಟು ತಿಳಿದಿದ್ದರೂ ಎಂಟನೇ ತರಗತಿಯ ಹುಡುಗಿ ಅಪ್ಪನಿಗೆ ದೊಡ್ಡ ಸಹಾಯ ಮಾಡಬಲ್ಲಳು.

ಹಾಗೆಂದು ಆ ಪರದೆಯನ್ನು ದೇವರ ಪಟದಂತೆ ಹೊಗಳಬೇಕಾಗಿಲ್ಲ. ಅದು ತೋರಿಸುವುದು ಕಂಪ್ಯೂಟರಿನಲ್ಲಿ ಇರುವುದನ್ನಷ್ಟೆ. ಕೈಬರಹದ ಪುಸ್ತಕದಲ್ಲಿದ್ದ ತಪ್ಪು ಕಂಪ್ಯೂಟರಿಗೂ ಹಾಗೆಯೇ ಏರಿದ್ದರೆ, ಆ ತಪ್ಪು ಪರದೆಯ ಮೇಲೆ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ. ತಿದ್ದಿಸಲು ತಹಸೀಲ್ದಾರರಿಗೆ ಅರ್ಜಿ ಕೊಟ್ಟು ಕಾಯಲೇಬೇಕು. ಖಾತೆ ಬದಲಾವಣೆಯ ಅರ್ಜಿ ಕೌಂಟರಿನಿಂದ ಒಳಗೆ ಹೋದ ಮೇಲೆ ಯಾವ ಮೇಜಿನ ಮೇಲೆ ಕುಳಿತಿದೆ ಎಂಬುದನ್ನು ಕಿಟಕಿಯ ಪರದೆ ಹೇಳುತ್ತಿರಲಿಲ್ಲ. ಒಳಗಿನ ಕೋಣೆಗಳ ಮಾನಿಟರುಗಳಲ್ಲಿ ರೈತನ ಕಡೆ ತಿರುಗಿದ್ದು ಒಂದೂ ಇರಲಿಲ್ಲ. ಆದರೂ ಸರ್ಕಾರಿ ಕಚೇರಿಯೊಂದು ‘ನೀನೂ ನೋಡು’ ಎಂದು ಪ್ರಜೆಯ ಕಡೆಗೆ ಒಂದು ಯಂತ್ರವನ್ನು ತಿರುಗಿಸಿಟ್ಟಿತಲ್ಲ, ಅದು ಸಣ್ಣ ಮಾತಲ್ಲ. ಮುಂದೆ ಪಹಣಿ ಅಂತರ್ಜಾಲದಲ್ಲೇ ಸಿಗುವಂತಾಗಿ, ಆ ಪರದೆ ರೈತನ ಜೇಬಿನ ಮೊಬೈಲ್ ಫೋನಿಗೆ ಬಂದು ಕುಳಿತಿದೆ.

ತಾಲ್ಲೂಕು ಕಚೇರಿಗಿಂತ ಹತ್ತಿರದ ಉದಾಹರಣೆ ಬೇಕಿದ್ದರೆ ಊರಿನ ಹಾಲಿನ ಡೈರಿ ಇದೆ. ಮಂಡ್ಯ ಹಾಲು ಒಕ್ಕೂಟದ ದೊಡ್ಡ ಡೈರಿ ಇರುವುದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಹಾಲು ಹೋಗುವುದು ಹಳ್ಳಿಯ ಸಂಘಗಳಿಂದ. ಕಂಪ್ಯೂಟರಿನ ಹಾಲು ಅಳೆಯುವ ಯಂತ್ರವಿರುವ ಸಂಘಗಳಲ್ಲಿ ಹಾಲು ಹಾಕುವವರ ಕಡೆಗೆ ಒಂದು ಫಲಕ ಮುಖಮಾಡಿರುತ್ತದೆ: ಎಷ್ಟು ಲೀಟರ್, ಎಷ್ಟು ಫ್ಯಾಟ್, ಎಷ್ಟು ರೂಪಾಯಿ. ಕ್ಯಾನು ಹಿಡಿದು ನಿಂತ ಹೆಣ್ಣುಮಗಳು ದಿನಕ್ಕೆರಡು ಬಾರಿ ಅದನ್ನು ಓದುತ್ತಾಳೆ. ಅದೂ ಎರಡನೇ ಪರದೆಯೇ. ಅದಕ್ಕೆ ‘ಡ್ಯುಯಲ್ ಮಾನಿಟರ್’ ಎಂದು ಯಾರೂ ಹೆಸರಿಟ್ಟಿಲ್ಲ, ಅಷ್ಟೆ.

ಹಾಗಾದರೆ ಮಗ ಕೇಳುವ ಎರಡನೇ ಮಾನಿಟರೂ ಇದೂ ಒಂದೆಯೇ? ಅಲ್ಲ. ಯಂತ್ರ ಒಂದೇ, ಕೆಲಸ ಬೇರೆ. ಈಗಿನ ವಿಂಡೋಸ್ ಇರುವ ಕಂಪ್ಯೂಟರಿಗೆ ಎರಡನೇ ಪರದೆ ಜೋಡಿಸಿ, ಕೀಲಿಮಣೆಯ ವಿಂಡೋಸ್ ಗುಂಡಿಯನ್ನೂ ‘ಪಿ’ ಅಕ್ಷರವನ್ನೂ ಒಟ್ಟಿಗೆ ಒತ್ತಿದರೆ ನಾಲ್ಕು ಆಯ್ಕೆಗಳು ಬರುತ್ತವೆ. ಅವುಗಳಲ್ಲಿ ಮುಖ್ಯವಾದವು ಎರಡು. ‘ಡೂಪ್ಲಿಕೇಟ್’ ಎಂದರೆ ಎರಡು ಪರದೆಯಲ್ಲೂ ಒಂದೇ ಚಿತ್ರ, ಕನ್ನಡಿ ಇದ್ದ ಹಾಗೆ. ‘ಎಕ್ಸ್‌ಟೆಂಡ್’ ಎಂದರೆ ಎರಡೂ ಸೇರಿ ಒಂದೇ ಅಗಲವಾದ ಮೇಜು. ಎಡಗಡೆ ಒಂದು ಕೆಲಸ, ಬಲಗಡೆ ಇನ್ನೊಂದು. ಇಲಿಯ ಬಾಣ ಒಂದರ ಅಂಚು ದಾಟಿ ಇನ್ನೊಂದಕ್ಕೆ ಹೋಗುತ್ತದೆ. ತಾಲ್ಲೂಕು ಕಚೇರಿಯದು ಮೊದಲನೆಯ ಬಗೆ, ಸಾಫ್ಟ್‌ವೇರ್ ಹುಡುಗರದು ಎರಡನೆಯದು. ಒಂದು ಎದುರಿನವರಿಗೆ ಕಾಣಿಸಲು, ಇನ್ನೊಂದು ಕೆಲಸ ಮಾಡುವವರಿಗೆ ಜಾಗ ಕೊಡಲು. ಮನೆಗೆ ಎರಡನೇ ಪರದೆ ಬೇಕೇ ಬೇಡವೇ ಎಂಬ ವಾದ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಕಾಣಿಸಲೋ, ಜಾಗಕ್ಕೋ?

ಜಾಗದ ಮಾತು ಹೊಸದಲ್ಲ. 1987ರಲ್ಲಿ ಬಂದ ಆಪಲ್ ಕಂಪನಿಯ ಮ್ಯಾಕಿಂಟಾಷ್-2 ಕಂಪ್ಯೂಟರಿಗೇ ಒಂದಕ್ಕಿಂತ ಹೆಚ್ಚು ಪರದೆ ಜೋಡಿಸಬಹುದಿತ್ತು. ವಿಂಡೋಸ್ 98ರಲ್ಲಿ ಒಂಬತ್ತರವರೆಗೂ ಅವಕಾಶವಿತ್ತು. ಆದರೆ ಆ ಕಾಲದ ಮಾನಿಟರುಗಳು ಹೊಟ್ಟೆ ದಪ್ಪನೆಯ ಪೆಟ್ಟಿಗೆಗಳು. ಎರಡನ್ನಿಟ್ಟರೆ ಮೇಜಿನ ಮೇಲೆ ಕಾಫಿ ಲೋಟಕ್ಕೂ ಜಾಗ ಉಳಿಯುತ್ತಿರಲಿಲ್ಲ. ತೆಳು ಪರದೆಗಳು ಬಂದು ಬೆಲೆ ಇಳಿದ ಮೇಲೆ ಈ ಅಭ್ಯಾಸ ಹಬ್ಬಿತು.

ನಿಜವಾದ ಉಪಯೋಗ ಯಾರಿಗೆ? ಒಂದನ್ನು ನೋಡಿಕೊಂಡು ಇನ್ನೊಂದನ್ನು ಬರೆಯುವ ಕೆಲಸದವರಿಗೆ. ಪ್ರೋಗ್ರಾಮ್ ಬರೆಯುವವರಿಗೆ ಒಂದು ಕಡೆ ಬರಹ, ಇನ್ನೊಂದು ಕಡೆ ಅದರ ಫಲಿತಾಂಶ. ಲೆಕ್ಕಪತ್ರದವರಿಗೆ ಒಂದು ಕಡೆ ಬಿಲ್ಲು, ಇನ್ನೊಂದು ಕಡೆ ಖಾತೆ. ಅನುವಾದಕರಿಗೆ ಮೂಲ ಮತ್ತು ಅನುವಾದ. ವಿದ್ಯಾರ್ಥಿಗೆ ಒಂದು ಕಡೆ ಉಪನ್ಯಾಸದ ವಿಡಿಯೊ, ಇನ್ನೊಂದು ಕಡೆ ಟಿಪ್ಪಣಿ. ಒಂದೇ ಪರದೆಯಲ್ಲಿ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವಾಗ, ಈಗತಾನೇ ನೋಡಿದ ಅಂಕಿ ಮನಸ್ಸಿನಿಂದ ಜಾರಿಹೋಗುತ್ತದೆ. ಪಕ್ಕಪಕ್ಕದಲ್ಲಿದ್ದರೆ ಕಣ್ಣು ಹೊರಳಿಸಿದರೆ ಸಾಕು. ಪರೀಕ್ಷೆಗೆ ಓದುವ ಹುಡುಗ ಪಠ್ಯಪುಸ್ತಕವನ್ನೂ ನೋಟ್‌ಬುಕ್ಕನ್ನೂ ಒಟ್ಟಿಗೆ ಬಿಡಿಸಿಟ್ಟುಕೊಳ್ಳುವುದಿಲ್ಲವೆ, ಇದೂ ಹಾಗೆಯೇ.

ಆದರೆ ಅಂಗಡಿಯವರು ‘ಎರಡು ಮಾನಿಟರ್ ಇದ್ದರೆ ಕೆಲಸ ಇಷ್ಟು ಪಟ್ಟು ಬೇಗ’ ಎಂದು ಹೇಳುವ ಅಂಕಿಗಳನ್ನು ಸ್ವಲ್ಪ ತೂಗಿ ನೋಡಬೇಕು. ಈ ವಿಷಯದಲ್ಲಿ ಹೆಚ್ಚು ಉಲ್ಲೇಖಗೊಂಡ ಅಧ್ಯಯನವೊಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ್ದು, 2003ರ ಸುಮಾರಿನದು. ಅದಕ್ಕೆ ಬೆಂಬಲ ಕೊಟ್ಟವರಲ್ಲಿ ಮಾನಿಟರ್ ಮಾರುವ ಎನ್‌ಇಸಿ ಮಿತ್ಸುಬಿಷಿ ಮತ್ತು ಗ್ರಾಫಿಕ್ಸ್ ಕಾರ್ಡ್ ಮಾರುವ ಎಟಿಐ ಕಂಪನಿಗಳಿದ್ದವು. ಅಷ್ಟರಿಂದಲೇ ಅಧ್ಯಯನ ಸುಳ್ಳಾಗುವುದಿಲ್ಲ. ಆದರೆ ಬೆಲ್ಲ ಮಾರುವವನ ಬಾಯಲ್ಲಿ ಬೆಲ್ಲದ ಗುಣಗಾನ ಕೇಳುವಾಗ ಇರುವ ಎಚ್ಚರ ಇಲ್ಲಿಯೂ ಇರಲಿ.

ಇನ್ನೊಂದು ಪರದೆಯಲ್ಲಿ ಕ್ರಿಕೆಟ್ ಪಂದ್ಯವೋ ವಾಟ್ಸ್‌ಆ್ಯಪ್ ಸಂದೇಶಗಳೋ ಇದ್ದರೆ ಲಾಭವಿಲ್ಲ, ನಷ್ಟ. ಕಣ್ಣು ಒಮ್ಮೆ ಅತ್ತ ಹೋದರೆ ಮನಸ್ಸು ಇತ್ತ ಮರಳಲು ಹೊತ್ತಾಗುತ್ತದೆ. ಇದನ್ನು ತಂದೆ ತಾಯಿ ಬಾಗಿಲಲ್ಲಿ ನಿಂತು ಕಾವಲು ಕಾಯ್ದು ತಡೆಯಲಾಗದು. ಎರಡು ಪರದೆಯಲ್ಲೂ ಒಂದೇ ಕೆಲಸದ ಎರಡು ಭಾಗ ಇರಬೇಕು ಎಂಬ ನಿಯಮವನ್ನು ಮಕ್ಕಳೇ ಹಾಕಿಕೊಂಡರೆ ಮಾತ್ರ ಅದು ನಿಲ್ಲುತ್ತದೆ.

ಇಲ್ಲಿ ಇನ್ನೊಂದು ನೆನಪನ್ನು ದಾಟಿ ಹೋಗುವಂತಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಎಷ್ಟೋ ಮನೆಗಳಲ್ಲಿ ಇದ್ದುದು ಒಂದೇ ಸ್ಮಾರ್ಟ್‌ಫೋನ್. ಅದೂ ಕೆಲಸಕ್ಕೆ ಹೋದ ಅಪ್ಪನ ಜೇಬಿನಲ್ಲಿ. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ‘ವಿದ್ಯಾಗಮ’ದಲ್ಲಿ ಮೇಷ್ಟ್ರುಗಳು ಊರಿನ ಅರಳಿಕಟ್ಟೆ, ಗುಡಿಯ ಜಗಲಿಗೇ ಬಂದು ಪಾಠ ಹೇಳಿದರು. ಟಿ.ವಿ.ಯಲ್ಲಿ ಪಾಠ ನೋಡಿ, ಸಂಜೆ ಅಪ್ಪ ಬಂದ ಮೇಲೆ ಫೋನಿನಲ್ಲಿ ಮೇಷ್ಟ್ರಿಗೆ ಪ್ರಶ್ನೆ ಕಳಿಸಿದ ಮಕ್ಕಳಿದ್ದರು. ಎರಡು ಪರದೆ ಎಂದರೆ ಅವರ ಪಾಲಿಗೆ ಅದೇ. ಮನೆಗೆ ಇನ್ನೊಂದು ಮಾನಿಟರ್ ತರುವ ಮೊದಲು, ತಮ್ಮನಿಗೋ ತಂಗಿಗೋ ಓದಲು ಒಂದಾದರೂ ಪರದೆ ಇದೆಯೇ ಎಂದು ನೋಡುವುದು ಲೇಸು.

ಕೊಳ್ಳುವುದೇ ಆದರೆ ಕೆಲವು ವಿಷಯ ತಿಳಿದಿರಬೇಕು. ಹೊಸ ಕಂಪ್ಯೂಟರುಗಳಲ್ಲಿ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಕಿಂಡಿ ಇರುತ್ತದೆ. ಅಟ್ಟದ ಮೇಲಿರುವ ಹಳೆಯ ಮಾನಿಟರಿನಲ್ಲಿ ಇರುವುದು ಹದಿನೈದು ಸೂಜಿಯ ನೀಲಿ ವಿಜಿಎ. ಎರಡಕ್ಕೂ ಬರೀ ತಂತಿ ಎಳೆದರೆ ಚಿತ್ರ ಬಾರದು. ಒಂದು ಡಿಜಿಟಲ್, ಇನ್ನೊಂದು ಅನಲಾಗ್. ನಡುವೆ ಸಂಕೇತವನ್ನು ಬದಲಿಸುವ ಪುಟ್ಟ ಕನ್ವರ್ಟರ್ ಬೇಕು. ಅದು ಮಾನಿಟರಿನಷ್ಟು ದುಬಾರಿಯಲ್ಲ, ಹಳೆಯದೂ ಕೆಲಸಕ್ಕೆ ಬರುತ್ತದೆ. ಮನೆಯ ಟಿ.ವಿ.ಯನ್ನೂ ಎಚ್‌ಡಿಎಂಐ ತಂತಿಯಿಂದ ಜೋಡಿಸಬಹುದು. ಆದರೆ ಹತ್ತಿರ ಕುಳಿತು ಸಣ್ಣ ಅಕ್ಷರ ಓದಲು ಹಲವು ಟಿ.ವಿ.ಗಳು ಹಿತವಲ್ಲ.

ಕರೆಂಟಿನ ಲೆಕ್ಕವೂ ಇದೆ. ಹಳೆಯ ದಪ್ಪ ಹೊಟ್ಟೆಯ ಮಾನಿಟರ್ 80 ವ್ಯಾಟ್‌ನಷ್ಟು ತಿನ್ನುತ್ತಿತ್ತು. ಈಗಿನ 22 ಇಂಚಿನ ಎಲ್‌ಇಡಿ ಪರದೆಗೆ ಸುಮಾರು 25 ವ್ಯಾಟ್ ಸಾಕು. ಆದರೂ ಕರೆಂಟ್ ಹೋದಾಗ ಯುಪಿಎಸ್ ಮೇಲೆ ಎರಡೂ ಉರಿದರೆ ಬ್ಯಾಟರಿ ಅಷ್ಟು ಬೇಗ ಇಳಿಯುತ್ತದೆ. ಮುಖ್ಯ ಪರದೆಯನ್ನು ಮಾತ್ರ ಯುಪಿಎಸ್‌ಗೆ ಕೊಟ್ಟು, ಇನ್ನೊಂದನ್ನು ಗೋಡೆಯ ಪ್ಲಗ್ಗಿಗೆ ಕೊಡುವುದು ಜಾಣತನ.

ಕುತ್ತಿಗೆಯ ಮಾತು ಬೇರೆ. ಹೆಚ್ಚು ನೋಡುವ ಪರದೆ ಮೂಗಿನ ನೇರಕ್ಕೆ, ಒಂದು ತೋಳಿನಷ್ಟು ದೂರದಲ್ಲಿ ಇರಬೇಕು. ಅದರ ಮೇಲಂಚು ಕಣ್ಣಿನ ಮಟ್ಟಕ್ಕೋ ತುಸು ಕೆಳಗೋ ಇರಬೇಕು. ಎರಡನೆಯದು ಪಕ್ಕದಲ್ಲಿ, ಸ್ವಲ್ಪ ಓರೆಯಾಗಿ. ಎರಡನ್ನೂ ಸಮವಾಗಿ ನೋಡುವವರು ಎರಡರ ಸಂದನ್ನು ಮೂಗಿನ ನೇರಕ್ಕೆ ತಂದುಕೊಳ್ಳಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ಆಚೆಗಿನದನ್ನು, ಇಪ್ಪತ್ತು ಸೆಕೆಂಡು ನೋಡುವುದು ಕಣ್ಣಿನ ವೈದ್ಯರು ಹೇಳುವ ಲೆಕ್ಕ. ಕಿಟಕಿಯಾಚೆ ಕಬ್ಬಿನ ಗದ್ದೆ ಇರುವ ಮನೆಯವರಿಗೆ ಇದು ಕಷ್ಟವಲ್ಲ.

ಇನ್ನು ಕಾಣಿಸುವ ಪರದೆಯ ಮಾತು. ಅದು ಮನೆಗಿಂತ ಹೆಚ್ಚಾಗಿ ಬೇಕಾದದ್ದು ಊರಿನ ಸೈಬರ್ ಅಂಗಡಿಯಲ್ಲಿ. ಪಿಯುಸಿ ಮಕ್ಕಳು ಸಿಇಟಿ ಅರ್ಜಿ ತುಂಬುವುದು, ಆಮೇಲೆ ಕಾಲೇಜುಗಳ ಆಯ್ಕೆ ದಾಖಲಿಸುವುದು ಬಹುಪಾಲು ಅಲ್ಲೇ. ಅಂಗಡಿಯವರು ಮಾನಿಟರಿನ ಮುಂದೆ, ವಿದ್ಯಾರ್ಥಿ ಅವರ ಹಿಂದೆ, ತಂದೆ ಬಾಗಿಲ ಬಳಿ. ಹೊರಗೆ ಇನ್ನೂ ಇಪ್ಪತ್ತು ಜನ. ಹಳೆಯ ಪಹಣಿ ಪುಸ್ತಕದ ಕಾಲದಂತೆಯೇ ಪರದೆ ಒಬ್ಬರ ಕಡೆಗಷ್ಟೇ ತಿರುಗಿದೆ.

ಅಲ್ಲಿ ತಪ್ಪಿದರೆ ಆಗುವ ನಷ್ಟ 18 ಗುಂಟೆಗಿಂತ ಕಡಿಮೆಯದಲ್ಲ. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಇದೆ. ಅರ್ಜಿಯಲ್ಲಿ ಆ ಜಾಗದಲ್ಲಿ ‘ಇಲ್ಲ’ ಎಂದು ಬಿದ್ದರೆ ಹತ್ತು ವರ್ಷ ಹಳ್ಳಿ ಶಾಲೆಗೆ ನಡೆದದ್ದು ಲೆಕ್ಕಕ್ಕೆ ಬರುವುದಿಲ್ಲ. ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯ ಒಂದು ಅಂಕಿ ತಪ್ಪಿದರೂ ತೊಡಕು. ಆಯ್ಕೆಯ ಪಟ್ಟಿಯಂತೂ ಇನ್ನೂ ಸೂಕ್ಷ್ಮ. ಮೇಲಿನಿಂದ ಕೆಳಕ್ಕೆ ನೋಡುತ್ತ ಹೋಗಿ, ರ‍್ಯಾಂಕಿಗೆ ಮೊದಲು ದಕ್ಕುವ ಸೀಟನ್ನು ಹಂಚಲಾಗುತ್ತದೆ. ಐದನೆಯದಾಗಿ ಬರೆಯಬೇಕಿದ್ದ ಕಾಲೇಜು ಬೆರಳು ತಪ್ಪಿ ಎರಡನೆಯದಾಗಿ ಕೂತರೆ, ಅದು ಸಿಕ್ಕಿಬಿಟ್ಟರೆ, ಕೆಳಗಿನವು ಬಿದ್ದುಹೋಗುತ್ತವೆ. ಹುಡುಗಿ ಮನಸ್ಸಿನಲ್ಲಿ ಆಸೆಪಟ್ಟಿದ್ದು ಅವುಗಳಲ್ಲೇ ಇದ್ದರೂ.

ಇದಕ್ಕೆ ಬೇಕಾದ ಉಪಕರಣ ದೊಡ್ಡದೇನಲ್ಲ. ಅಂಗಡಿಯ ಮೂಲೆಯಲ್ಲಿರುವ ಹಳೆಯ ಮಾನಿಟರ್, ಒಂದು ಕನ್ವರ್ಟರ್, ‘ಡೂಪ್ಲಿಕೇಟ್’ ಎಂಬ ಒಂದು ಆಯ್ಕೆ. ಅದನ್ನು ಗಿರಾಕಿಯ ಕಡೆ ತಿರುಗಿಸಿದರೆ ಆಯಿತು. ಸಾಲಿನಲ್ಲಿ ನಿಂತ ಮಿಕ್ಕವರಿಗೆಲ್ಲ ಕಾಣದಂತೆ ಇಡಬೇಕಾದ್ದೂ ಮುಖ್ಯ. ಪಹಣಿ ಹೇಗೂ ಯಾರು ಬೇಕಾದರೂ ಪಡೆಯಬಹುದಾದ ದಾಖಲೆ. ಸಿಇಟಿ ಅರ್ಜಿಯಲ್ಲಿರುವ ಆಧಾರ್ ಸಂಖ್ಯೆ, ಆದಾಯದ ವಿವರ ಹಾಗಲ್ಲ. ಪಾಸ್‌ವರ್ಡ್‌ ಒತ್ತುವುದನ್ನು ವಿದ್ಯಾರ್ಥಿಯೇ ಮಾಡಬೇಕು, ಮೊಬೈಲ್ ಸಂಖ್ಯೆ ಮನೆಯದೇ ಇರಬೇಕು, ಅಂಗಡಿಯದಲ್ಲ.

ಪರದೆ ಇಲ್ಲದ ಅಂಗಡಿಯಾದರೆ, ‘ಅಣ್ಣಾ, ಸ್ವಲ್ಪ ಈ ಕಡೆ ತಿರುಗಿಸಿ, ಒಂದ್ಸಲ ಓದಿ ನೋಡ್ತೀವಿ’ ಎಂದು ಕೇಳಲು ಸಂಕೋಚಪಡಬೇಕಿಲ್ಲ. ಆಯ್ಕೆಗಳನ್ನು ಮನೆಯಲ್ಲೇ ಕಾಗದದ ಮೇಲೆ ಕಾಲೇಜು ಸಂಕೇತ ಸಮೇತ ಕ್ರಮವಾಗಿ ಬರೆದುಕೊಂಡು ಹೋಗಬೇಕು. ಅಂಗಡಿಯವರು ಒತ್ತುತ್ತ ಹೋದಂತೆ ತಂದೆ ಕಾಗದದಿಂದ ಗಟ್ಟಿಯಾಗಿ ಓದಲಿ, ಮಗಳು ಪರದೆಯಲ್ಲಿ ಗೆರೆ ಗೆರೆಯಾಗಿ ಹೋಲಿಸಲಿ. ಅಚ್ಚಾದ ಪ್ರತಿಯನ್ನು ಅಂಗಡಿಯಲ್ಲೇ ಇನ್ನೊಮ್ಮೆ ಓದಿ ಹೊರಡಬೇಕು. ಅಣಕು ಸೀಟು ಹಂಚಿಕೆಯ ಫಲಿತಾಂಶ ಬಂದ ಮೇಲೆ ಕ್ರಮ ಬದಲಿಸಲು ಸಮಯ ಕೊಡುತ್ತಾರೆ. ಅದು ನಾಲ್ಕೈದು ದಿನವೂ ಇರಬಹುದು, ಅದಕ್ಕಿಂತ ಕಡಿಮೆಯೂ ಇರಬಹುದು. ಕೊನೆಯ ಸಂಜೆ ಎಲ್ಲರೂ ಒಟ್ಟಿಗೆ ನುಗ್ಗುವುದರಿಂದ ಮೊದಲ ಬೆಳಗ್ಗೆಯೇ ಅಂಗಡಿಗೆ ಹೋಗುವುದು ವಾಸಿ.